ತೋಳಿನಿಂದ ಶುರು

ನಮ್ಮ ಅಂಗಡಿಯಲ್ಲಿ ಅಳತೆ ತೆಗೆಯುವುದಕ್ಕೆ ಒಂದು ಕ್ರಮವಿತ್ತು. ಉದ್ದ, ಭುಜ, ತೋಳು, ಎದೆ, ಸೊಂಟ, ಕತ್ತು. ನನ್ನ ತಮ್ಮ ಟೇಪು ಹಿಡಿದು ಗಿರಾಕಿಯ ಸುತ್ತ ಒಂದು ಸುತ್ತು ಬರುವಷ್ಟರಲ್ಲಿ ಆರು ಅಂಕಿ ಕೂಗುತ್ತಿದ್ದ. ನಾನು ಒಂದೊಂದನ್ನೂ ತಿರುಗಿ ಹೇಳಿ ಬರೆದುಕೊಳ್ಳುತ್ತಿದ್ದೆ. ಅವನು ಕೂಗಿದ್ದು, ನನಗೆ ಕೇಳಿಸಿದ್ದು ಒಂದೇ ಎಂದು ಇಬ್ಬರಿಗೂ ಗೊತ್ತಾಗಲಿ ಎಂದು. ಯಾವುದು ಭುಜ, ಯಾವುದು ಸೊಂಟ ಎಂದು ಬರೆಯುವ ಗೋಜೇ ಇರಲಿಲ್ಲ. ಮೂರನೆಯ ಅಂಕಿ ಎಂದರೆ ತೋಳು, ಅಷ್ಟೆ. ನಾನು ಎರಡನೇ ತರಗತಿಗೆ ಶಾಲೆ ಬಿಟ್ಟವಳು. ಅಂಕಿ ಸಲೀಸು, ಅಕ್ಷರ ನಿಧಾನ. ಈಗಲೂ ಒಂದು ಸಾಲು ಬರೆಯುವುದರೊಳಗೆ ಎರಡು ಗುಂಡಿ ಹೊಲಿದು ಮುಗಿಸಬಹುದು.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಟೇಪಿನಲ್ಲಿ ಕಂಡ ಅಂಕಿಯನ್ನೇ ಅವನು ಕೂಗುತ್ತಿರಲಿಲ್ಲ. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರೆ ಸೊಂಟಕ್ಕೆ ಎರಡು ಸೇರಿಸುವನು. ಒಂದು ಭುಜ ಇಳಿದಿದ್ದರೆ ಅರ್ಧ ಇಂಚು ಕಳೆಯುವನು. ಲೆಕ್ಕವೆಲ್ಲ ಅವನ ಕೈಗೂ ಕಣ್ಣಿಗೂ ನಡುವೆ ಎಲ್ಲೋ ನಡೆದು ಬಾಯಿಗೆ ಬರುತ್ತಿತ್ತು. ನಾನೇ ಟೇಪು ಹಿಡಿದರೆ ಸಿಗುವುದು ಬರೀ ಅಳತೆ. ಅವನು ಕೂಗಿದರೆ ಸಿಗುವುದು ಅಂಗಿ. ಮೂರು ಹೊತ್ತೂ ಕೊರಳಲ್ಲಿ ಟೇಪು ತೂಗುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಟೇಪು ಮಾಸ್ಟರ್ ಎನ್ನುತ್ತಿದ್ದರು. ನಲವತ್ತೊಂದು ವರ್ಷ ಹೀಗೇ ನಡೆಯಿತು.

ಆಮೇಲೆ ಸ್ಟ್ರೋಕ್ ಆಯಿತು. ಒಂದು ಬೆಳಿಗ್ಗೆ ಅರ್ಧ ಕತ್ತರಿಸಿದ ಬಟ್ಟೆಯ ಮೇಲೆ ಕತ್ತರಿ ಬಾಯಿ ತೆರೆದುಕೊಂಡು ಬಿದ್ದಿತ್ತು, ಅವನು ಟೇಬಲ್ಲಿನ ಕೆಳಗೆ ಬಿದ್ದಿದ್ದ. ಜೀವ ಉಳಿಯಿತು. ತಿಂಗಳೊಳಗೆ ಕಾಲು ಸರಿಹೋಯಿತು, ಮೂರು ತಿಂಗಳಿಗೆ ಕೈ ಕೂಡ. ಗೆರೆ ಹಾಕಿಕೊಟ್ಟರೆ ಮೊದಲಿನಷ್ಟೇ ನೆಟ್ಟಗೆ ಕತ್ತರಿಸುತ್ತಿದ್ದ. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಲೋಟ ಕಂಡರೆ ಲೋಟ ಎಂದು ಗೊತ್ತು, ಅದರ ಹೆಸರು ಮಾತ್ರ ಸಿಗದು. ತಾನಾಗಿ ಬಾಯಿಗೆ ಬರುತ್ತಿದ್ದುದು ಒಂದೇ ಪದ: "ಆಯ್ತು." ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು.

"ಮೂವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಈಗ ನಾನು ಹೇಳಿದ್ದಕ್ಕೆಲ್ಲ ಆಯ್ತು ಅಂತಾರೆ ನೋಡಿ ಅತ್ತಿಗೆ," ಎಂದು ತಮ್ಮನ ಹೆಂಡತಿ ನಗಿಸುತ್ತಿದ್ದಳು. ನಗಿಸಿ ಒಳಗೆ ಹೋಗಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಬರೆದಾದರೂ ತೋರಿಸಲಿ ಎಂದು ಪೆನ್ಸಿಲ್ ಕೊಟ್ಟೆವು. ಆರು ಬರೆಯಲು ಹೋಗಿ ಒಂಬತ್ತು ಬರೆದ. ಹಾಗೆ ಹೊಲಿದ ಒಂದು ಅಂಗಿಯ ತೋಳು ಗಿರಾಕಿಯ ಬೆರಳ ತುದಿ ದಾಟಿ ಇಳಿಯಿತು. ಗಿರಾಕಿ ಒಳ್ಳೆಯವನು, ನಕ್ಕು ಮಡಚಿಕೊಂಡು ಹೋದ. ಅವತ್ತು ನನ್ನ ತಮ್ಮ ಕೊರಳಿನ ಟೇಪು ತೆಗೆದು, ಅದನ್ನು ಕತ್ತರಿಗೆ ಬಿಗಿಯಾಗಿ ಸುತ್ತಿ, ತಂದು ನನ್ನ ಮಡಿಲಲ್ಲಿಟ್ಟ. "ಆಯ್ತು," ಎಂದ. ಆ ಒಂದು ಸಲ ಮಾತೂ ಅರ್ಥವೂ ಸರಿಯಾಗಿಯೇ ಹೊಂದಿಕೊಂಡಿದ್ದವು.

ಅವನ ಹೆಂಡತಿ ತಪ್ಪಾಗಿ ಏನೂ ಹೇಳಲಿಲ್ಲ. "ಕಟಿಂಗ್ ಟೇಬಲ್ ತೆಗೆಸೋಣ ಅತ್ತಿಗೆ. ಆ ಜಾಗದಲ್ಲಿ ರೆಡಿಮೇಡ್ ಬಟ್ಟೆ ತೂಗುಹಾಕೋಣ. ದಿನಾ ಆ ಟೇಬಲ್ ನೋಡ್ಕೊಂಡು ಕೂತ್ರೆ ಇವ್ರು ಕೊರಗಿ ಕೊರಗಿನೇ ಹೋಗ್ತಾರೆ."

ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಮಾತು ಕಲಿಸುವಾಗಲೇ ತಲೆಗೆ ಸಣ್ಣಗೆ ಕರೆಂಟು ಕೊಡುವ ಒಂದು ಹೊಸ ಬಗೆಯ ಚಿಕಿತ್ಸೆ ಇದೆ, ಇನ್ನೂ ಪರೀಕ್ಷೆ ಮಾಡಿ ನೋಡುತ್ತಿದ್ದಾರೆ, ಬರುತ್ತೀರಾ ಎಂದು. ಮೂರು ವಾರ, ಹದಿನೈದು ದಿನದ ಪಾಠ. ನಾನು ಅವಳಿಗೆ ಹೇಳಿದೆ: "ಮೂರು ವಾರ ಟೇಬಲ್ ಇರಲಿ ತಂಗಿ. ಕೊನೇ ದಿನ ಆಸ್ಪತ್ರೆಯವರು ಏನು ಹೇಳ್ತಾರೋ ನೋಡಿ ತೆಗೆಸು."

"ಮೂರು ವಾರ. ಆಮೇಲೆ ನೀವು ಮಾತಾಡಬಾರ್ದು."

"ನಾನು ಯಾವತ್ತು ಮಾತಾಡಿದೀನಿ?" ಎಂದೆ.

ಮಾತು ಕಲಿಸುವ ಮೇಡಂ ವಯಸ್ಸಿನಲ್ಲಿ ಚಿಕ್ಕವಳು, ಅಂಗಿಯ ಕಾಲರ್ ಒಂದು ಕಡೆ ಮಡಚಿಕೊಂಡಿರುತ್ತಿತ್ತು. ಮೊದಲ ದಿನ ನೂರೆಂಟು ಪ್ರಶ್ನೆ ಕೇಳಿದಳು. ಫಿಟ್ಸ್ ಬಂದಿತ್ತಾ? ತಲೆಯೊಳಗೆ ಲೋಹದ್ದು ಏನಾದರೂ ಕೂರಿಸಿದ್ದಾರಾ?

"ತಲೇಲಿ ಇಲ್ಲಮ್ಮ," ಎಂದೆ. "ಬಾಯಲ್ಲಿ ಜೀವಮಾನವಿಡೀ ಗುಂಡುಸೂಜಿ ಇಟ್ಕೊಂಡಿದ್ದಾನೆ."

ಅವಳ ಪೆನ್ನು ನಿಂತಿತು. "ನುಂಗಿಲ್ಲ ತಾನೆ?"

ತಮ್ಮ ಗಟ್ಟಿಯಾಗಿ ನಕ್ಕ. ಏಳು ತಿಂಗಳಲ್ಲಿ ಮೊದಲ ಸಲ.

ಯಂತ್ರ ಒಂದು ಸಣ್ಣ ಪೆಟ್ಟಿಗೆ, ಜೇಬಿಗೆ ಹಿಡಿಸುವಷ್ಟು. ಅದರಿಂದ ಎರಡು ತಂತಿ, ತಂತಿಯ ತುದಿಗೆ ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜು. ಕೂದಲು ಬೈತಲೆ ತೆಗೆದ ಹಾಗೆ ಸರಿಸಿ, ಒಂದನ್ನು ಎಡಗಡೆ ಕಿವಿಯ ಮೇಲೆ, ಇನ್ನೊಂದನ್ನು ಬಲಗಡೆ ಹಣೆಗೆ ಇಟ್ಟು ರಬ್ಬರ್ ಪಟ್ಟಿ ಬಿಗಿದಳು. "ಮೊದಲು ಸ್ವಲ್ಪ ಇರುವೆ ಹರಿದ ಹಾಗಾಗುತ್ತೆ. ನೋವಾದ್ರೆ ಕೈಯೆತ್ತಿ, ನಿಲ್ಲಿಸ್ತೀನಿ." ಅವನು ಹುಬ್ಬು ಗಂಟಿಕ್ಕಿ ಒಂದು ನಿಮಿಷ ಕೆರೆದುಕೊಳ್ಳಬೇಕೆನ್ನುವಂತೆ ಬೆರಳಾಡಿಸಿದ. ಆಮೇಲೆ ಸುಮ್ಮನಾದ.

"ಕರೆಂಟು ಮಾತು ತಂದುಕೊಡುತ್ತಾ ಮೇಡಂ?" ಎಂದು ಕೇಳಿದೆ.

"ಇಲ್ಲಮ್ಮ. ಮಾತು ಇವರೇ ಆಡ್ಬೇಕು. ಆಡೋಕೆ ಒದ್ದಾಡ್ತಿರೋ ಹೊತ್ತಲ್ಲಿ ಮೆದುಳಿನ ಆ ಜಾಗವನ್ನ ಇದು ಸ್ವಲ್ಪ ಎಚ್ಚರ ಮಾಡುತ್ತೆ, ಅಷ್ಟೆ. ಬರೀ ಸ್ಪಂಜು ಕಟ್ಕೊಂಡು ಕೂತ್ರೆ ಏನೂ ಆಗಲ್ಲ. ಎಲ್ಲರಿಗೂ ಒಂದೇ ಥರ ಕೆಲಸ ಮಾಡುತ್ತೆ ಅಂತಾನೂ ನಾನು ಹೇಳಲ್ಲ."

ನನಗೆ ಇದು ಚೆನ್ನಾಗಿ ಅರ್ಥವಾಯಿತು. ನೀರು ಚಿಮುಕಿಸಿದ ಮಾತ್ರಕ್ಕೆ ಬಟ್ಟೆಯ ಸುಕ್ಕು ಹೋಗುವುದಿಲ್ಲ, ಒಣ ಬಟ್ಟೆಗೆ ಎಷ್ಟು ಇಸ್ತ್ರಿ ಒತ್ತಿದರೂ ಹೋಗುವುದಿಲ್ಲ. ತೇವ ಇರುವಾಗಲೇ ಒತ್ತಬೇಕು. ಹಾಗೆಂದು ಹೇಳಿದೆ. ಅವಳು ನನ್ನನ್ನೇ ನೋಡಿ, "ಇದನ್ನ ನಾನು ಬೇರೆಯವರಿಗೆ ಹೇಳ್ಬಹುದಾ?" ಎಂದಳು. ಧಾರಾಳವಾಗಿ ಎಂದೆ.

ಮೊದಲ ದಿನವೇ ಒಂದು ಪರೀಕ್ಷೆ ಮಾಡಿದಳು. ನೀಲಿ ಫೈಲಿನಿಂದ ಮೂವತ್ತು ಚಿತ್ರ ಒಂದೊಂದಾಗಿ ತೆಗೆದು ತೋರಿಸಿದಳು: ಕೊಡೆ, ಬಾಚಣಿಗೆ, ಏಣಿ, ಗಡಿಯಾರ, ಹೀಗೆ. ಒದ್ದಾಡಿ ಒದ್ದಾಡಿ ಅವನು ಆರು ಹೇಳಿದ. "ಈ ಮೂವತ್ತನ್ನ ಪಾಠದಲ್ಲಿ ಹೇಳಿಕೊಡಲ್ಲ. ನಡುವೆ ಒಂದ್ಸಲ, ಕೊನೇ ದಿನ ಒಂದ್ಸಲ ತೋರಿಸ್ತೀನಿ," ಎಂದು ಫೈಲನ್ನು ಕಪಾಟಿನಲ್ಲಿಟ್ಟಳು. ಪಾಠಕ್ಕೆ ಬೇರೆಯೇ ಚಿತ್ರಗಳು.

ಇಲ್ಲಿ ನಾನು ಮಾಡಿದ ಕೆಲಸವನ್ನು ಬಚ್ಚಿಡದೆ ಬರೆಯುತ್ತೇನೆ. ನನಗೆ ತಿಳಿದದ್ದು ಇಷ್ಟು: ಪರೀಕ್ಷೆಗೆ ಬರುವುದು ಆ ಮೂವತ್ತು. ಪಾಸಾದರೆ ಟೇಬಲ್ ಉಳಿಯುತ್ತದೆ. ಅವನ್ನೇ ಹೇಳಿಕೊಡುವುದಿಲ್ಲವೆಂದರೆ ಮನೆಯವರು ಹೇಳಿಕೊಡಲಿ ಎಂದಿರಬೇಕು. ಟ್ರಯಲ್ ನೋಡದೆ ನಾವು ಯಾವತ್ತೂ ಕೋಟು ಕೊಟ್ಟವರಲ್ಲ. ಆ ಚಿತ್ರಗಳನ್ನು ನಾನು ನೋಡಿದ್ದು ಒಂದೇ ಸಲ, ಅವನ ಹಿಂದಿನ ಕುರ್ಚಿಯಲ್ಲಿ ಕೂತು. ಆದರೆ ಅಕ್ಷರ ಕಡಿಮೆ ಇದ್ದವರಿಗೆ ನೆನಪೇ ಪುಸ್ತಕ. ಹದಿನೈದು ವರ್ಷ ಹಿಂದೆ ಬಂದ ಗಿರಾಕಿಯ ಆರು ಅಂಕಿಗಳನ್ನು ನಾನು ಈಗಲೂ ಹೇಳಬಲ್ಲೆ. ಮೂವತ್ತು ಚಿತ್ರ ಯಾವ ದೊಡ್ಡ ಮಾತು?

ದಿನಾ ಆಸ್ಪತ್ರೆಯಿಂದ ಬಂದು ಊಟವಾದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಕಟಿಂಗ್ ಟೇಬಲ್ಲಿನ ಮೇಲೆ ಕಂದು ಕಾಗದ ಹಾಸಿ, ಗೆರೆ ಹಾಕುವ ಚಾಕ್‌ಪೀಸಿನಲ್ಲಿ ಆ ಮೂವತ್ತು ಚಿತ್ರವನ್ನೂ ಅದೇ ಕ್ರಮದಲ್ಲಿ ಬರೆಯುತ್ತಿದ್ದೆ. ನನ್ನ ಆನೆ ಹಂದಿಯ ಹಾಗಿತ್ತು. ಅವನು ಬೆರಳಿಟ್ಟು "ಆಯ್ತು, ಆಯ್ತು," ಎಂದು ನಕ್ಕ. ನಾನು ಹೇಳುವುದು, ಅವನು ಹೇಳುವುದು. ಕೊಡೆ, ಬಾಚಣಿಗೆ, ಏಣಿ, ಗಡಿಯಾರ. ಆರು ದಿನಕ್ಕೆ ನಾನು ಬಾಯಿ ಬಿಡದೆಯೇ ಮೂವತ್ತನ್ನೂ ಹೇಳಿ ಮುಗಿಸಿದ. ಅವನ ಹೆಂಡತಿಯನ್ನು ಕರೆದು ತೋರಿಸಬೇಕೆನ್ನಿಸಿತು. ಕೊನೆಯ ದಿನ ತಾನಾಗಿಯೇ ನೋಡಲಿ ಎಂದು ಸುಮ್ಮನಿದ್ದೆ.

ಆಸ್ಪತ್ರೆಯ ಬೆಂಚಿನ ಪಕ್ಕ ದಿನಾ ಗಾಲಿಕುರ್ಚಿಯಲ್ಲಿ ಒಬ್ಬ ಇರುತ್ತಿದ್ದ. ಬಸ್ಸಿನ ಡ್ರೈವರ್ ಆಗಿದ್ದವನು, ಅಪಘಾತದಲ್ಲಿ ಕಾಲಿನ ಬಲ ಹೋಗಿತ್ತು. ನಮ್ಮವನ ಮಾತು, ತನ್ನ ಮಾತು, ನನ್ನದು, ಮೂರನ್ನೂ ಅವನೊಬ್ಬನೇ ಆಡುತ್ತಿದ್ದ.

"ಮಾಸ್ಟರ್, ನಿಮಗೆ ಮಾತಿಲ್ಲ, ನನಗೆ ಕಾಲಿಲ್ಲ. ಇಬ್ಬರೂ ಸೇರಿದ್ರೆ ಒಂದು ಜಗಳ ಆಡಬಹುದು, ಓಡಿಹೋಗೋಕೆ ಮಾತ್ರ ಅಕ್ಕನವರನ್ನೇ ಕೇಳ್ಬೇಕು." ಆಮೇಲೆ ತನ್ನ ಅಂಗಿಯ ತೋಳು ತೋರಿಸುವನು. ಕಫ್ ಗಾಲಿಗೆ ಉಜ್ಜಿ ಕಪ್ಪಾಗಿ ಹರಿದಿತ್ತು. "ಯಾರು ಹೊಲಿದ್ರೂ ಹೀಗೇ. ಮಾತು ಬಂದ ಮೇಲೆ ನನಗೊಂದು ಅಂಗಿ ಹೊಲಿದುಕೊಡಿ. ಬರದಿದ್ರೂ ಕೊಡಿ."

ಎಂಟನೆಯ ದಿನ ಮೇಡಂ ನೀಲಿ ಫೈಲು ತೆಗೆದಳು. ತಮ್ಮ ನನ್ನ ಕಡೆ ಒಂದು ಸಲ ತಿರುಗಿ ನೋಡಿ ಎದೆ ಸೆಟೆಸಿ ಕೂತ. ಮೊದಲ ಚಿತ್ರ. "ಕೊಡೆ." ಎರಡನೆಯದು. "ಬಾಚಣಿಗೆ." ಮೇಡಂ ಮುಖ ಅರಳಿತು. ಮೂರನೆಯ ಚಿತ್ರ ಇನ್ನೂ ಕವುಚಿಕೊಂಡೇ ಇತ್ತು. ಅವಳು ಅದಕ್ಕೆ ಕೈ ಹಾಕುವ ಮೊದಲೇ ಇವನು, "ಏಣಿ," ಎಂದ. ಹಾಗೆಯೇ ಮುಂದಕ್ಕೆ, "ಗಡಿಯಾರ. ಬಕೆಟ್ಟು. ಆನೆ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅವನನ್ನು ನೋಡಲಿಲ್ಲ, ನೇರ ನನ್ನನ್ನೇ ನೋಡಿದಳು. "ಅಮ್ಮ?"

ನಾನು ಎಲ್ಲ ಹೇಳಿದೆ. ಕಂದು ಕಾಗದ, ಹಂದಿಯಂಥ ಆನೆ, ಎಲ್ಲ. ಅವಳಿಗೆ ಮೊದಲು ನಗು ಬಂತು, ಆಮೇಲೆ ನಗು ಹೋಯಿತು.

"ಒಂದೇ ಸಲ ನೋಡಿ ಮೂವತ್ತೂ ನೆನಪಿಟ್ಕೊಂಡ್ರಾ?"

"ಮೋಸ ಮಾಡ್ಬೇಕು ಅಂತಲ್ಲ ತಾಯಿ."

"ಗೊತ್ತು. ಆದ್ರೆ ಹೇಳಿಕೊಡದ ಮಾತೂ ತಾನಾಗೇ ಬರ್ತಿದೆಯಾ ಅಂತ ನೋಡೋಕೆ ನಾನು ಅವನ್ನ ಮುಟ್ಟದೆ ಇಟ್ಟಿದ್ದೆ. ಬಾಯಿಪಾಠ ಆದ ಮೇಲೆ ಅದು ತೋರಿಸೋದು ನಿಮ್ಮ ಪಾಠವನ್ನ, ಇವರ ಮಾತನ್ನಲ್ಲ. ಇನ್ನು ಆ ಮೂವತ್ತು ನನಗೆ ಉಪಯೋಗಕ್ಕೆ ಬರಲ್ಲ. ನಡೆದದ್ದನ್ನ ನಡೆದ ಹಾಗೇ ಬರೆದಿಡ್ತೀನಿ."

ಚಿತ್ರಗಳನ್ನು ಕಲೆಸಿ ನಡುವಿನಿಂದ ಒಂದನ್ನು ಎತ್ತಿ ಹಿಡಿದಳು. ಬಾಗಿಲ ಚಿತ್ರ. ಅವನ ಮುಖ ಖಾಲಿಯಾಯಿತು. ಬಾಯಿ ತೆರೆದ, ಮುಚ್ಚಿದ. ಟೇಬಲ್ ಹೋಯಿತು ಎಂದುಕೊಂಡೆ.

ಆಗ ಮೇಡಂ ಅವನ ತುಟಿಗೆ ಹತ್ತಿರ ಬಗ್ಗಿದಳು. ಅವನು ಪಿಸುಗುಟ್ಟುತ್ತಿದ್ದ. ಕೊಡೆ, ಬಾಚಣಿಗೆ, ಏಣಿ, ಗಡಿಯಾರ, ಬೆರಳು ಮಡಚುತ್ತಾ ಮೊದಲಿನಿಂದ ಬಂದು, ಹದಿನೇಳನೆಯದಕ್ಕೆ ನಿಂತು, "ಬಾಗಿಲು," ಎಂದ. ಹಣೆಯಲ್ಲಿ ಬೆವರು.

"ಇದನ್ನ ಇವರು ಎಲ್ಲಿ ಕಲಿತ್ರು?" ಎಂದು ಅವಳು ಕೇಳಿದಳು.

ಉದ್ದ, ಭುಜ, ತೋಳು, ಎದೆ, ಸೊಂಟ, ಕತ್ತು. ನಮ್ಮ ಅಂಗಡಿಯ ಕ್ರಮವನ್ನು ಹೇಳಿದೆ. ಟೇಪಿನ ಅಂಕಿಗೂ ಕೂಗುವ ಅಂಕಿಗೂ ಇರುವ ವ್ಯತ್ಯಾಸವನ್ನೂ ಹೇಳಿದೆ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. "ಸಾಲಾಗಿ ಹೇಳೋದು ಇವರಿಗೆ ಇನ್ನೂ ಬರುತ್ತೆ. ಹಾಗಾದ್ರೆ ಆ ಸಾಲನ್ನೇ ಹಿಡ್ಕೊಂಡು ಹೋಗೋಣ, ಆಮೇಲೆ ಬಿಡಿಸೋಣ. ನಾಳೆ ಟೇಪು ತನ್ನಿ. ಅಮ್ಮ, ನಿಮಗೂ ಒಂದು ಔಷಧಿ ಇದೆ. ಇವರು ತಡವರಿಸಿದ ಕೂಡ್ಲೆ ನಿಮ್ಮ ತುಟಿ ಅಲ್ಲಾಡುತ್ತೆ, ನಾನು ನೋಡಿದೀನಿ. ಇವರು ನಿಮ್ಮ ತುಟಿ ನೋಡ್ತಾರೆ. ಇನ್ನು ಮುಂದೆ ಇವರು ಹೇಳೋವರೆಗೂ ನೀವು ಬಾಯಿ ಬಿಡೋ ಹಾಗಿಲ್ಲ."

ಮಾತು ಕಡಿಮೆ ಎಂದು ಜೀವಮಾನವಿಡೀ ಬೈಸಿಕೊಂಡವಳು ನಾನು. ಜಾಸ್ತಿಯಾಯಿತು ಎಂದು ಕೇಳಿದ್ದು ಅದೇ ಮೊದಲು.

ಮರುದಿನ ಕತ್ತರಿಗೆ ಸುತ್ತಿದ್ದ ಟೇಪು ಬಿಚ್ಚಿಕೊಂಡು ಹೋದೆ. ಇನ್ನೂ ಒಂದು ಕೆಲಸ ಮಾಡಿದೆ: ನಾಲ್ಕು ಗುಂಡುಸೂಜಿ ತುಟಿಯ ನಡುವೆ ಕಚ್ಚಿಕೊಂಡು ಕೂತೆ. ಸೂಜಿ ಬಾಯಲ್ಲಿರುವಾಗ ದರ್ಜಿಯ ತುಟಿ ಅಲ್ಲಾಡುವುದಿಲ್ಲ. ಮೇಡಂ ನೋಡಿ ಹಣೆ ಚಚ್ಚಿಕೊಂಡಳು, ಬೇಡವೆನ್ನಲಿಲ್ಲ.

ತಲೆಗೆ ಒದ್ದೆ ಸ್ಪಂಜು, ಅಂಗಿಯ ಜೇಬಲ್ಲಿ ಯಂತ್ರ, ಕೈಯಲ್ಲಿ ಟೇಪು. ಗಿರಾಕಿಯಾಗಿ ಮೇಡಂ ತಾನೇ ನಿಂತಳು. ಮೊದಲು ಎರಡು ದಿನ ಕ್ರಮವಾಗಿ ತೆಗೆಸಿದಳು. ಟೇಪು ಕೈಗೆ ಬಂದದ್ದೇ ಅವನ ಬೆನ್ನು ನೆಟ್ಟಗಾಯಿತು. ಅಂಕಿ ಹೇಳಲು ಒಂದರಿಂದ ಎಣಿಸಿಕೊಂಡು ಬರುತ್ತಿದ್ದ. ಹದಿನಾರು ಹೇಳಲು ಹದಿನಾರು ಮೆಟ್ಟಿಲು. ಹನ್ನೊಂದನೆಯ ದಿನ ಅವಳು ಕೈ ಚಾಚಿ, "ಇವತ್ತು ತೋಳಿನಿಂದ ಶುರು ಮಾಡೋಣ ಮಾಸ್ಟರ್," ಎಂದಳು. ಅವನು ಕಂಗಾಲಾಗಿ ನನ್ನ ತುಟಿ ನೋಡಿದ. ಅಲ್ಲಿ ನಾಲ್ಕು ಸೂಜಿಗಳ ಗುಂಡುತಲೆ ಬಿಟ್ಟರೆ ಏನೂ ಇರಲಿಲ್ಲ. "ಆಯ್ತು!" ಎಂದು ಸಿಟ್ಟಿನಿಂದ ಕೂಗಿದ. ಆಮೇಲೆ ತನ್ನ ಬೆರಳನ್ನೇ ನೋಡಿಕೊಂಡು, ಉದ್ದ, ಭುಜ ಎಂದು ಪಿಸುಗುಟ್ಟಿ, "ತೋಳು," ಎಂದ.

ಮರುದಿನ ಸೊಂಟದಿಂದ, ಅದರ ಮರುದಿನ ಕತ್ತಿನಿಂದ. ಪಿಸುಮಾತು ದಿನದಿನಕ್ಕೆ ಚಿಕ್ಕದಾಗುತ್ತಾ ಬಂತು. ಹದಿನಾಲ್ಕನೆಯ ದಿನ ಮೇಡಂ ಕಾಲರ್ ಎಂದಿನಂತೆ ಮಡಚಿಕೊಂಡಿತ್ತು. ಅವನು ಅದನ್ನು ಬೆರಳಿಂದ ಸರಿಮಾಡಿ, ಯಾರೂ ಕೇಳದೆ, ಎಣಿಸದೆ, "ಇಸ್ತ್ರಿ," ಎಂದ. ಅವಳು ನಾಚಿಕೊಂಡಳು. ನನ್ನ ಬಾಯಿಂದ ಒಂದು ಸೂಜಿ ಉದುರಿತು.

ಕೊನೆಯ ದಿನ ಬೇರೆ ಮೂವತ್ತು ಚಿತ್ರ ತಂದು ತೋರಿಸಿದಳು. ನನ್ನನ್ನು ಹೊರಗೆ ಕೂರಿಸಿ. ಹದಿನೆಂಟು ಹೇಳಿದನಂತೆ. "ಮೊದಲಿನ ಆರನ್ನ ಈ ಹದಿನೆಂಟಕ್ಕೆ ಹೋಲಿಸಿ ನಾನು ಏನೂ ಬರೆಯೋ ಹಾಗಿಲ್ಲ. ಚಿತ್ರ ಬೇರೆ, ನಿಮ್ಮ ದಯೆ," ಎಂದಳು. "ಇದರಲ್ಲಿ ಕರೆಂಟಿನ ಪಾಲೆಷ್ಟು, ಟೇಪಿನ ಪಾಲೆಷ್ಟು ಅಂತಾನೂ ಒಬ್ಬರನ್ನೇ ನೋಡಿ ಹೇಳೋಕಾಗಲ್ಲ. ಆದ್ರೆ ನನ್ನ ಕಣ್ಣೆದುರು ಆಗಿದ್ದು ನಾನು ನೋಡಿದೀನಿ. ದಿನಾ ಮಾಡ್ತಾನೇ ಇರಿ."

ಮನೆಗೆ ಬಂದು ಅದನ್ನೇ ಹೇಳಿದೆ. ತಮ್ಮನ ಹೆಂಡತಿ ಸೆರಗು ಬಿಗಿದುಕೊಂಡು ನಿಂತಳು. "ಅಂದ್ರೆ ಪಾಸೂ ಇಲ್ಲ, ಫೇಲೂ ಇಲ್ಲ. ನೀವು ಮಾಡಿದ ಕೆಲಸ ಅತ್ತಿಗೆ!"

"ನಾನೇ ಮಾಡಿದ್ದು," ಎಂದೆ.

"ಹಾಗಾದ್ರೆ ನಾನೇ ನೋಡ್ತೀನಿ. ನಮ್ಮ ಮನೆಯವರಲ್ಲದ, ಆಸ್ಪತ್ರೆಯವರಲ್ಲದ ಒಬ್ಬ ಗಿರಾಕಿ ಬರ್ಲಿ. ಇವ್ರು ಅಳತೆ ತೆಗೀಲಿ. ನೀವು ಒಂದು ಮಾತು ಹೇಳಿಕೊಟ್ರೂ ಟೇಬಲ್ ಹೊರಗೆ."

ಎರಡು ದಿನ ಕಳೆದು ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಯ ಮೆಟ್ಟಿಲ ಕೆಳಗೆ ಗಾಲಿಕುರ್ಚಿ ಬಂದು ನಿಂತಿತು. "ಮಾಸ್ಟರ್, ಡಿಪೋದಲ್ಲಿ ಕೂತ್ಕೊಂಡು ಮಾಡೋ ಕೆಲಸ ಕೊಟ್ಟಿದ್ದಾರೆ. ಹರಿದ ತೋಳು ಹಾಕ್ಕೊಂಡು ಹೋದ್ರೆ ಬಸ್ಸೂ ನಗುತ್ತೆ." ಪಕ್ಕದಂಗಡಿಯವರು ಹಲಗೆ ತಂದು ಹಾಕಿದರು, ಕುರ್ಚಿ ಒಳಗೆ ಬಂತು. ತಮ್ಮನ ಹೆಂಡತಿ ಒಳಬಾಗಿಲಿಗೆ ಒರಗಿ ನಿಂತಳು. ನಾನು ಪುಸ್ತಕ ತೆರೆದು, ನಾಲ್ಕು ಗುಂಡುಸೂಜಿ ಕಚ್ಚಿಕೊಂಡೆ.

ತಮ್ಮ ಟೇಪು ಕೊರಳಿಂದ ತೆಗೆದು, ಅಭ್ಯಾಸದಂತೆ ಗಿರಾಕಿಯ ಬೆನ್ನಹಿಂದೆ ಹೋದ, ಉದ್ದ ಹಿಡಿಯಲು. ಅಲ್ಲಿ ಬೆನ್ನು ಸಿಗಲಿಲ್ಲ. ಕುರ್ಚಿಯ ಒರಗು ಭುಜದವರೆಗೂ ಇತ್ತು. ನಮ್ಮ ಕ್ರಮದ ಮೊದಲ ಮೆಟ್ಟಿಲೇ ಇಲ್ಲ. ಟೇಪಿನ ತುದಿ ಅವನ ಕೈಯಲ್ಲಿ ತೂಗಾಡಿತು. ಡ್ರೈವರ್ ಕತ್ತು ಹೊರಳಿಸಿ ಹಿಂದೆ ನೋಡಿದ. ಒಳಬಾಗಿಲ ಕಡೆಯಿಂದ ಬಳೆಯ ಸದ್ದು ಕೇಳಿಸಿತು. ಹೇಳಿಕೊಡಬೇಕೆಂದು ನನ್ನ ನಾಲಗೆ ಸೂಜಿಯ ಮೊನೆಯವರೆಗೂ ಬಂತು. ಕಚ್ಚಿಕೊಂಡೆ.

ಅವನು ನನ್ನ ಕಡೆ ತಿರುಗಲಿಲ್ಲ. ಸುತ್ತಿ ಬಂದು ಮುಂದೆ ನಿಂತ. ಡ್ರೈವರ್‌ನ ಎರಡೂ ಕೈ ಹಿಡಿದು ಗಾಲಿಯ ಮೇಲಿಟ್ಟ, ಒಂದು ಸಲ ತಳ್ಳು ಎಂದು ಸನ್ನೆ ಮಾಡಿದ. ಡ್ರೈವರ್ ತಳ್ಳಿದ. ಕೈ ಮುಂದಕ್ಕೆ ಹೋದಾಗ ಕಫ್ ಮೇಲೆ ಜಗ್ಗಿತು, ಹಿಂದಕ್ಕೆ ಬಂದಾಗ ಸಡಿಲವಾಗಿ ಇಳಿದು ಗಾಲಿಗೆ ತಾಗಿತು. ತಮ್ಮ ಕಫ್ಫನ್ನು ಮಣಿಕಟ್ಟಿಗೆ ಒತ್ತಿ ಹಿಡಿದು ನೋಡಿದ. ಇಷ್ಟು ದಿನ ಯಾರೂ ನೋಡಿರದಿದ್ದುದನ್ನು ಅವನು ನೋಡಿದ ಎಂದು ನನಗೆ ಕೂತಲ್ಲೇ ಗೊತ್ತಾಯಿತು.

"ತೋಳು," ಎಂದ. ಬೆರಳು ಮಡಚಲಿಲ್ಲ.

ಭುಜದ ಮೂಲೆಯಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದ. ನಾನು ಕೂತಲ್ಲಿಂದಲೇ ಓದಿದೆ, ಇಪ್ಪತ್ತಮೂರೂವರೆ. ಅವನ ತುಟಿ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಹೊರಗೆ ಯಾವುದೋ ಗಾಡಿ ಹಾರ್ನ್ ಮಾಡಿತು. ಯಾರೂ ತಿರುಗಿ ನೋಡಲಿಲ್ಲ.

"ಇಪ್ಪತ್ತ... ನಾಲ್ಕೂವರೆ," ಎಂದ. ತಕ್ಷಣ ಮಣಿಕಟ್ಟು ಹಿಸುಕಿ ತೋರಿಸಿ, "ಕಫ್. ಬಿಗಿ."

ಒಂದು ಇಂಚು ಸೇರಿಸಿದ್ದ. ಕೈ ಮುಂದಕ್ಕೆ ಚಾಚುವುದಕ್ಕೆ ಒಂದು ಇಂಚು, ಹಿಂದಕ್ಕೆ ಬಂದಾಗ ಗಾಲಿಗೆ ತಾಗದಂತೆ ಬಿಗಿ ಕಫ್.

ನನ್ನ ಪೆನ್ಸಿಲ್ ಅಂಕಿಯ ಮೇಲೆ ಹಾಗೇ ನಿಂತುಬಿಟ್ಟಿತ್ತು. ತಿರುಗಿ ಹೇಳುವುದನ್ನೂ ಮರೆತಿದ್ದೆ. ಒಳಬಾಗಿಲ ಹತ್ತಿರ ಅವನ ಹೆಂಡತಿ ಯಾವಾಗ ನೆಲದ ಮೇಲೆ ಕೂತಳೋ ತಿಳಿಯದು. ತಮ್ಮ ಟೇಪು ಹಿಡಿದೇ ನನ್ನ ಕಡೆ ನೋಡಿ ಹುಬ್ಬು ಗಂಟಿಕ್ಕಿದ. ನಲವತ್ತೊಂದು ವರ್ಷ ನನ್ನ ಕೈ ನಿಧಾನವಾದಾಗಲೆಲ್ಲ ಹಾಗೇ ನೋಡುತ್ತಿದ್ದ.

"ಬರಿ," ಎಂದ.

ನಾನು ಸೂಜಿಗಳನ್ನು ಒಂದೊಂದಾಗಿ ತೆಗೆದು ಟೇಬಲ್ಲಿನ ಮೇಲಿಟ್ಟೆ. "ಇಪ್ಪತ್ತನಾಲ್ಕೂವರೆ," ಎಂದು ತಿರುಗಿ ಹೇಳಿದೆ. ಮೂರನೆಯ ಅಂಕಿ ಮೊದಲು ಬಂದದ್ದರಿಂದ ಪಕ್ಕದಲ್ಲಿ, ನಿಧಾನವಾಗಿ, ಅಕ್ಷರದಲ್ಲೇ ತೋಳು ಎಂದು ಬರೆದೆ. ಅಷ್ಟರಲ್ಲಿ ಅವನು ಕತ್ತಿಗೆ ಟೇಪು ಹಾಕಿ ಕಾಯುತ್ತಿದ್ದ.